ಷೇರುಪೇಟೆಗಿಳಿದ ಪಡಸಾಲೆ: ‘ಸಲಾನ್’ ಜಾಲಪತ್ರಿಕೆಯ ಕಥನ



‘ಸಲಾನ್’ ಎಂಬ ಹೆಸರು ಕನ್ನಡದ ಕಿವಿಗೆ ಮೊದಲು ನೆನಪಿಸುವುದು ಕ್ಷೌರದಂಗಡಿಯನ್ನು. ಅದರಲ್ಲಿ ತಪ್ಪೇನಿಲ್ಲ. ಊರಿನ ಸಲೂನಿನ ಬೆಂಚಿನ ಮೇಲೆ ಒಂದೇ ದಿನಪತ್ರಿಕೆ ಹಾಳೆಹಾಳೆಯಾಗಿ ಹತ್ತು ಕೈಗಳಿಗೆ ಹಂಚಿಹೋಗಿ, ವಿಧಾನಸೌಧದಿಂದ ಸಿನಿಮಾದವರೆಗೆ ಎಲ್ಲವೂ ಚರ್ಚೆಗೆ ಒಳಗಾಗುವುದನ್ನು ಕಂಡವರಿಗೆ ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನ ಪಡಸಾಲೆಯ ಗೋಷ್ಠಿಗಳು ಅಪರಿಚಿತವೆನಿಸಲಾರವು.

ಈ ಪತ್ರಿಕೆಯ ಬೇರು ಒಂದು ಮುಷ್ಕರದಲ್ಲಿದೆ. 1994ರ ನವೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಎರಡು ದೊಡ್ಡ ದಿನಪತ್ರಿಕೆಗಳ ನೌಕರರು ಕೆಲಸ ನಿಲ್ಲಿಸಿದರು. ಬೀದಿಗಿಳಿದ ಪತ್ರಕರ್ತರು ಅಂತರ್ಜಾಲದಲ್ಲಿ ತಮ್ಮದೇ ಸುದ್ದಿಹಾಳೆಯನ್ನು ಹೊರಡಿಸಿದರು. ಮುದ್ರಣಯಂತ್ರವಾಗಲಿ ಮಾಲೀಕನಾಗಲಿ ಇಲ್ಲದೆ ಪತ್ರಿಕೆ ನಡೆಯಬಲ್ಲದು ಎಂಬುದು ಆ ಕೆಲವೇ ದಿನಗಳಲ್ಲಿ ಕಣ್ಣಿಗೆ ಕಂಡಿತು. ‘ಎಕ್ಸಾಮಿನರ್’ ಪತ್ರಿಕೆಯ ಕಲಾವಿಭಾಗದ ಸಂಪಾದಕ ಡೇವಿಡ್ ಟಾಲ್ಬಟ್ ಮರುವರ್ಷ ಒಂದಿಷ್ಟು ಸಹೋದ್ಯೋಗಿಗಳೊಂದಿಗೆ ಹೊರಬಂದು ‘ಸಲಾನ್’ ಆರಂಭಿಸಿದರು. ಆದರೆ ಮಾಲೀಕನಿಲ್ಲದ ಸ್ಥಿತಿ ಬಹುಕಾಲ ಉಳಿಯಲಿಲ್ಲ. ಮೊದಲ ಬಂಡವಾಳವೇ ಆಪಲ್ ಮತ್ತು ಅಡೋಬಿ ಕಂಪನಿಗಳ ಕಡೆಯಿಂದ ಬಂದಿತ್ತು.

ಆರಂಭದ ‘ಸಲಾನ್’ ಮುಖ್ಯವಾಗಿ ಪುಸ್ತಕ, ಕಲೆ, ವಿಚಾರಗಳ ಪತ್ರಿಕೆ. ಎಡಪಂಥದ ಒಲವಿದ್ದರೂ ಎಡಪಂಥೀಯರನ್ನು ಕೆಣಕುವ ಕಮೀಲ್ ಪಾಲಿಯಾ ಅವರಿಗೂ ಅಲ್ಲಿ ಅಂಕಣವಿತ್ತು. 1997ರಲ್ಲಿ ‘ಯೋಚಿಸುವ ತಾಯಂದಿರು’ ಎಂಬರ್ಥದ ವಿಭಾಗವೊಂದು ಆರಂಭವಾಗಿ, ತಾಯ್ತನವನ್ನು ಬಾಟಲಿ-ಜೋಗುಳಗಳ ಮಟ್ಟದಿಂದ ಎತ್ತಿ ಗಂಭೀರ ಗದ್ಯದ ವಸ್ತುವಾಗಿಸಿತು. ಪತ್ರಿಕೆಯ ನಿಜವಾದ ಸಾಧನೆಯನ್ನು ರಾಜಕೀಯ ಸ್ಫೋಟಗಳಿಗಿಂತ ಇಂತಹ ಪುಟಗಳಲ್ಲಿ ಹುಡುಕುವುದು ಹೆಚ್ಚು ನ್ಯಾಯ.

ಸ್ಫೋಟವೂ ತಡವಾಗಲಿಲ್ಲ. 1998ರ ಸೆಪ್ಟೆಂಬರಿನಲ್ಲಿ, ಅಧ್ಯಕ್ಷ ಕ್ಲಿಂಟನ್ನರ ಮಹಾಭಿಯೋಗಕ್ಕೆ ಸಿದ್ಧತೆ ನಡೆದಿದ್ದಾಗ, ಆ ಪ್ರಕ್ರಿಯೆಯ ಮುಂದಾಳು ಹೆನ್ರಿ ಹೈಡ್ ಅವರ ಮೂರು ದಶಕಗಳ ಹಿಂದಿನ ವಿವಾಹೇತರ ಸಂಬಂಧವನ್ನು ‘ಸಲಾನ್’ ಬಯಲಿಗೆಳೆಯಿತು. ಬೇರೆ ಪತ್ರಿಕೆಗಳು ಮುಟ್ಟದೆ ಬಿಟ್ಟಿದ್ದ ಸುದ್ದಿ ಅದು. ಹೈಡ್ ಅದನ್ನು ಯೌವನದ ಅವಿವೇಕವೆಂದರು. ಆಗ ಅವರಿಗೆ ನಲವತ್ತು ದಾಟಿತ್ತು. ಆ ಪ್ರಕಟಣೆಯನ್ನು ಬಹಿರಂಗವಾಗಿ ಒಪ್ಪದ ಪತ್ರಿಕೆಯ ವಾಷಿಂಗ್ಟನ್ ಮುಖ್ಯಸ್ಥರು ಕೆಲಸ ಬಿಡಬೇಕಾಯಿತು. ಭಿನ್ನಮತಕ್ಕೆ ಪಡಸಾಲೆ ಕಟ್ಟಿದವರು ಒಳಗಿನ ಭಿನ್ನಮತವನ್ನು ತಾಳಿಕೊಳ್ಳಲಿಲ್ಲವೆಂಬುದು ಆ ಪ್ರಸಂಗದ ಕಹಿಭಾಗ.

1999ರ ಜೂನಿನಲ್ಲಿ ‘ಸಲಾನ್’ ಷೇರುಪೇಟೆಗೆ ಇಳಿಯಿತು. ಷೇರೊಂದಕ್ಕೆ ಹತ್ತೂವರೆ ಡಾಲರ್. ಬ್ಯಾಂಕುಗಳ ಆಪ್ತವಲಯಕ್ಕೆ ಹಂಚುವ ಬದಲು ಸಾಮಾನ್ಯರೂ ಬಿಡ್ ಮಾಡಬಹುದಾದ ಮುಕ್ತ ಹರಾಜಿನ ವಿಧಾನವನ್ನು ಆರಿಸಿಕೊಂಡದ್ದು ಅದರ ಸ್ವಭಾವಕ್ಕೆ ಒಪ್ಪುವಂತೆಯೇ ಇತ್ತು. ಆದರೆ ಡಾಟ್‌ಕಾಂ ಗುಳ್ಳೆ ಒಡೆದಾಗ ಪೇಟೆ ಯಾರ ಸಿದ್ಧಾಂತವನ್ನೂ ಕೇಳಲಿಲ್ಲ. 2001ರಲ್ಲಿ ಚಂದಾ ಪದ್ಧತಿ ಬಂತು. 2002ರಲ್ಲಿ ನಾಸ್ಡಾಕ್ ಪಟ್ಟಿಯಿಂದ ಪತ್ರಿಕೆ ಹೊರಬಿತ್ತು. ಆಮೇಲೆ ವರ್ಷವರ್ಷವೂ ಅದನ್ನು ಉಳಿಸಿದ್ದು ಅಡೋಬಿಯ ಸಹಸಂಸ್ಥಾಪಕ ಜಾನ್ ವಾರ್ನಾಕ್, ಹೂಡಿಕೆದಾರ ವಿಲಿಯಂ ಹ್ಯಾಂಬ್ರೆಕ್ಟ್ ಮುಂತಾದವರ ಹಣ. ಜಾಹೀರಾತಿಲ್ಲದೆ, ಓದುಗ ಕೊಟ್ಟ ಕಾಸಿನ ಮೇಲೆ 1980ರಿಂದ ನಡೆದ ‘ಲಂಕೇಶ್ ಪತ್ರಿಕೆ’ಯನ್ನು ಬಲ್ಲ ಕನ್ನಡಿಗರಿಗೆ ಈ ಲೆಕ್ಕ ವಿಚಿತ್ರವೆನಿಸೀತು.

ಹಣದ ಈ ಬರದಲ್ಲಿಯೂ ಶ್ರೇಷ್ಠ ಕೆಲಸ ನಡೆಯಿತು. 2006ರ ಮಾರ್ಚಿನಲ್ಲಿ, ಅಬು ಗ್ರೈಬ್ ಸೆರೆಮನೆಯ ಚಿತ್ರಹಿಂಸೆಗೆ ಸಂಬಂಧಿಸಿದ 279 ಛಾಯಾಚಿತ್ರಗಳನ್ನೂ 19 ವಿಡಿಯೊಗಳನ್ನೂ ಸೇನೆಯದೇ ತನಿಖೆಯ ವಿವರಗಳೊಂದಿಗೆ ಕಾಲಾನುಕ್ರಮದಲ್ಲಿ ಜೋಡಿಸಿ ‘ಸಲಾನ್’ ಪ್ರಕಟಿಸಿತು. ಅದೇ ವರ್ಷ ವರ್ಜೀನಿಯಾದ ಸೆನೆಟರ್ ಜಾರ್ಜ್ ಆ್ಯಲೆನ್ ಸಾರ್ವಜನಿಕ ಸಭೆಯಲ್ಲಿ ‘ಮಕಾಕ’, ಅಂದರೆ ಕೋತಿ, ಎಂದು ಹೀಯಾಳಿಸಿದ ಭಾರತೀಯ ಮೂಲದ ವಿದ್ಯಾರ್ಥಿಯನ್ನು ವರ್ಷದ ವ್ಯಕ್ತಿಯೆಂದು ಆರಿಸಿತು. ಆತನ ಕೈಯಲ್ಲಿದ್ದ ಕ್ಯಾಮೆರಾ ಆ ಮಾತನ್ನು ಹಿಡಿದಿಟ್ಟಿತ್ತು. ಆ್ಯಲೆನ್ ಚುನಾವಣೆಯಲ್ಲಿ ಸೋತರು.

ಇದರ ಪಕ್ಕದಲ್ಲಿಯೇ ಇಡಬೇಕಾದ ಇನ್ನೊಂದು ಕಡತವಿದೆ. 2005ರಲ್ಲಿ ‘ರೋಲಿಂಗ್ ಸ್ಟೋನ್’ ಜೊತೆಗೂಡಿ ‘ಸಲಾನ್’ ರಾಬರ್ಟ್ ಎಫ್. ಕೆನಡಿ ಜೂನಿಯರ್ ಅವರ ಲೇಖನವನ್ನು ಪ್ರಕಟಿಸಿತು. ಲಸಿಕೆಯಲ್ಲಿನ ಪಾದರಸದ ಸಂಯುಕ್ತಕ್ಕೂ ಮಕ್ಕಳ ಆಟಿಸಂಗೂ ನಂಟಿದೆ, ಸರ್ಕಾರ ಅದನ್ನು ಮುಚ್ಚಿಟ್ಟಿದೆ ಎಂಬುದು ವಾದ. ಕಂಪನಿ-ಸರ್ಕಾರಗಳ ಒಳಸಂಚು, ಮೋಸಹೋದ ತಾಯಂದಿರು: ಪ್ರಗತಿಪರ ಓದುಗನ ಸಹಜ ಅನುಮಾನಗಳಿಗೆಲ್ಲ ಅಲ್ಲಿ ಆಹಾರವಿತ್ತು. ತಪ್ಪುಗಳು ಕೂಡಲೇ ಹೊರಬಿದ್ದವು, ತಿದ್ದುಪಡಿಗಳ ಮೇಲೆ ತಿದ್ದುಪಡಿ ಸೇರಿದವು. 2011ರ ಜನವರಿಯಲ್ಲಿ ಪತ್ರಿಕೆ ಆ ಲೇಖನವನ್ನು ಸಂಪೂರ್ಣವಾಗಿ ಹಿಂತೆಗೆದುಕೊಂಡಿತು. ಕೈಬಿಟ್ಟದ್ದು ಪ್ರಾಮಾಣಿಕತೆಯೇ, ಆದರೆ ಐದೂವರೆ ವರ್ಷ ಕಳೆದಿತ್ತು. ಲೇಖಕರು 2025ರಲ್ಲಿ ಅಮೆರಿಕದ ಆರೋಗ್ಯ ಇಲಾಖೆಯ ಮುಖ್ಯಸ್ಥರಾದರು. ಎದುರಾಳಿಯ ಸುಳ್ಳನ್ನು ಹಿಡಿಯಲು ಬಳಸುವ ಜರಡಿಯನ್ನು ತನ್ನ ಪಾಳೆಯದ ಲೇಖನಕ್ಕೆ ‘ಸಲಾನ್’ ಬಳಸಿರಲಿಲ್ಲ.

ನಂತರದ ವರ್ಷಗಳನ್ನು ಬೇಗ ಹೇಳಬಹುದು. ಸಾಮಾಜಿಕ ಮಾಧ್ಯಮದ ಗಾಳಿಗೆ ತಲೆಬರಹಗಳು ಕಾವೇರಿದವು, ದೀರ್ಘ ವರದಿಗಳು ತೆಳುವಾದವು. 2019ರಲ್ಲಿ ಪತ್ರಿಕೆ 50 ಲಕ್ಷ ಡಾಲರಿಗೆ ಮಾರಾಟವಾಯಿತು. ಷೇರುಪೇಟೆಗೆ ಇಳಿದಾಗ ಅದು ಸಂಗ್ರಹಿಸಿದ್ದು ಸುಮಾರು 2 ಕೋಟಿ 60 ಲಕ್ಷ ಡಾಲರ್.