ಅಂಗಡಿಗೆ ಜಾಗ ಹುಡುಕ್ತಿದ್ದೀರಾ? ಓಡಾಡೋರನ್ನಲ್ಲ, ನಿಲ್ಲೋರನ್ನ ಎಣಿಸಿ

ನಾನು ಪುಣೆಯಲ್ಲಿ ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಇಂಜಿನಿಯರ್. ಎಂಟೆಕ್ ಮಾಡಿದ್ದೀನಿ, ವ್ಯಾಪಾರ ಮಾಡಿಲ್ಲ. ಆದರೂ ಅಂಗಡಿ ಜಾಗದ ಬಗ್ಗೆ ಮಾತಾಡೋಕೆ ಬಂದಿರೋದು ನಮ್ಮ ಅಕ್ಕ-ಭಾವನಿಂದಾಗಿ. ಚಿಂಚವಾಡದ ಕಡೆ ಭಾವ ಕೆಲಸ ಮಾಡ್ತಿದ್ದ ಕಾರ್ಖಾನೆ ಮುಚ್ಚಿತು. ಕೈಗೆ ಬಂದದ್ದು 9 ಲಕ್ಷ. ಮಗಳು ಹತ್ತನೇ ಕ್ಲಾಸು. ಗಿರಮಿಟ್, ಮಿರ್ಚಿ ಭಜಿ, ಜೋಳದ ರೊಟ್ಟಿ ಮಾರೋಣ ಅಂತ ಇಬ್ಬರೂ ಮನಸ್ಸು ಮಾಡಿದ್ರು. ಅಕ್ಕನ ಕೈರುಚಿ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ: ಎಲ್ಲಿ?

ಎರಡು ಜಾಗ ಸಿಕ್ಕವು. ಒಂದು ಹಿಂಜವಡಿಗೆ ಹೋಗೋ ಮುಖ್ಯರಸ್ತೆಯಲ್ಲಿ, ಬಾಡಿಗೆ 45,000. ಇನ್ನೊಂದು ವಾಕಡದಲ್ಲಿ ಅಪಾರ್ಟ್‌ಮೆಂಟುಗಳ ನಡುವಿನ ಒಳರಸ್ತೆಯಲ್ಲಿ, ಬಾಡಿಗೆ 22,000. ಭಾವನ ಮನಸ್ಸು ಮುಖ್ಯರಸ್ತೆ ಮೇಲೆ. "ತಮ್ಮಾ, ಇಷ್ಟ್ ಮಂದಿ ಅಡ್ಡಾಡತಾರ. ನೂರರಾಗ ಐದ್ ಮಂದಿ ಬಂದ್ರ ಸಾಕಲ್ಲ?" ಅಂದ್ರು.

ಸರಿ, ಲೆಕ್ಕ ಹಾಕೋಣ ಅಂತ ಕೂತೆವು. ಒಂದು ಬಿಲ್ಲು ಸರಾಸರಿ 60 ರೂಪಾಯಿ. ಸಾಮಾನಿನ ಖರ್ಚು ಕಳೆದರೆ ಉಳಿಯೋದು 36. ಇಬ್ಬರು ಕೆಲಸದವರ ಸಂಬಳ 34,000. ಗ್ಯಾಸು, ಕರೆಂಟು, ಇತರೆ 11,000. ಅಕ್ಕನ ಮನೆ ಖರ್ಚಿಗೆ 25,000 ಬೇಕೇ ಬೇಕು. ತಿಂಗಳಿಗೆ 26 ದಿನ ಅಂಗಡಿ. ಮುಖ್ಯರಸ್ತೆಯಲ್ಲಿ ದಿನಕ್ಕೆ 123 ಬಿಲ್ಲು ಆಗಬೇಕು, ಒಳರಸ್ತೆಯಲ್ಲಿ 99. ಬಾಡಿಗೆಯನ್ನ ರೂಪಾಯಿಯಲ್ಲಿ ನೋಡಬೇಡಿ, ಹೀಗೆ ಗಿರಾಕಿಗಳ ಸಂಖ್ಯೆಯಾಗಿ ಬದಲಾಯಿಸಿ ನೋಡಿ. ಆಗ ಅದರ ಭಾರ ಗೊತ್ತಾಗುತ್ತೆ.

ಆಮೇಲೆ ಎಣಿಕೆ. ಮಂಗಳವಾರ, ಶನಿವಾರ, ಭಾನುವಾರ ಎರಡೂ ಕಡೆ ಸಂಜೆ ಒಂದೊಂದು ಗಂಟೆ ಭಾವನೇ ನೋಟ್‌ಬುಕ್ ಹಿಡಿದು ನಿಂತರು. ಎರಡು ಗೆರೆ: ದಾಟಿ ಹೋದವರು ಒಂದು ಕಡೆ, ಅಕ್ಕಪಕ್ಕದ ತಿಂಡಿ ಅಂಗಡಿಯಲ್ಲಿ ನಿಂತವರು ಇನ್ನೊಂದು ಕಡೆ. ಮಂಗಳವಾರ ಮುಖ್ಯರಸ್ತೆಯಲ್ಲಿ ದಾಟಿದವರು 600ಕ್ಕೂ ಹೆಚ್ಚು, ನಿಂತವರು 19. ಎಲ್ಲರೂ ಬೈಕು, ಕ್ಯಾಬು, ಬಸ್ಸಿನಲ್ಲಿ. ಗಾಡಿ ನಿಲ್ಲಿಸೋಕೆ ಜಾಗವೇ ಇಲ್ಲ. ಒಳರಸ್ತೆಯಲ್ಲಿ ದಾಟಿದವರು 210, ನಿಂತವರು 31. ತರಕಾರಿಗೆ, ಔಷಧಿಗೆ, ಮಕ್ಕಳನ್ನ ಟ್ಯೂಷನ್‌ನಿಂದ ಕರ್ಕೊಂಡು ಹೋಗೋಕೆ ಬಂದವರು. ಭಾನುವಾರ ಮುಖ್ಯರಸ್ತೆ ಭಣಭಣ. ಆ ರಾತ್ರಿ ಭಾವ ನನ್ನ ಜೊತೆ ವಾದ ಮಾಡಲಿಲ್ಲ.

ಇನ್ನೊಂದು ವಿಷಯ. ಒಂದೇ ಬಗೆಯ ಗಿರಾಕಿಯನ್ನ ನಂಬಿದ ಜಾಗ ಅಪಾಯ. 2020ರ ಮಾರ್ಚ್‌ನಲ್ಲಿ ನಮ್ಮಂಥವರೆಲ್ಲ ಮನೆಯಿಂದ ಕೆಲಸ ಶುರು ಮಾಡಿದಾಗ, ಐಟಿ ಪಾರ್ಕಿನ ಗೇಟನ್ನೇ ನಂಬಿದ್ದ ಟೀ ಅಂಗಡಿಗಳಿಗೆ ಗಿರಾಕಿಯೇ ಇಲ್ಲದಂತಾಯ್ತು. ಇದಕ್ಕೆ ಎದುರಾಗಿ ಮುಂಬೈನ ಮಾಟುಂಗಾ ನೋಡಿ. ಅಲ್ಲಿ ಸ್ಟೇಷನ್ ಹತ್ತಿರ ರಾಮನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ 1942ರಲ್ಲಿ ಶುರುವಾದದ್ದು. ಮೆಟ್ಟಿಲು ಹತ್ತಿ ಹೋಗಬೇಕು, ಆದರೂ ಜನ ಸಾಲು ನಿಲ್ತಾರೆ. ರುಚಿ ಒಂದು ಕಾರಣ. ಸುತ್ತಲೂ ನೋಡಿ: ರೈಲು, ಮಾರ್ಕೆಟ್ಟು, ರುಯಿಯಾ, ಪೋದಾರ್, ವಿಜೆಟಿಐ ಕಾಲೇಜುಗಳು, ದಕ್ಷಿಣದವರ ಮನೆಗಳು. ಒಂದು ಕಡೆಯ ಜನ ಕಮ್ಮಿಯಾದರೆ ಇನ್ನೊಂದು ಕಡೆಯವರು ಇದ್ದಾರೆ.

ಜಾಗ ಇಷ್ಟವಾದರೂ ಅಡ್ವಾನ್ಸ್ ಕೊಡೋ ಮುಂಚೆ ಮೂರು ಮಾತು ಕೇಳಿ. ಮೊದಲು ಇದ್ದವರು ಯಾಕೆ ಬಿಟ್ಟರು? ಇದನ್ನ ಮಾಲೀಕರನ್ನಲ್ಲ, ಪಕ್ಕದ ಅಂಗಡಿಯವರನ್ನ ಕೇಳಿ. ಎಣ್ಣೆ ಹೊಗೆ ಹೋಗೋಕೆ ಪೈಪು ಹಾಕಲು ಸೊಸೈಟಿ ಒಪ್ಪಿಗೆ ಇದೆಯಾ, ಲಿಖಿತವಾಗಿ? ಕರಾರಿನಲ್ಲಿ ಲಾಕ್-ಇನ್ ಎಷ್ಟು ತಿಂಗಳು? ನಡುವೆ ಬಿಟ್ಟರೆ ಉಳಿದ ತಿಂಗಳ ಬಾಡಿಗೆ ನಿಮ್ಮ ತಲೆ ಮೇಲೆ ಬರಬಹುದು. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರು ಲಿಖಿತವಾಗಿರಬೇಕು, ನೋಂದಣಿಯೂ ಆಗಬೇಕು. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯೇ ಹಾಗೆ ಹೇಳುತ್ತೆ. "ಆಮೇಲೆ ಮಾಡೋಣ" ಅಂದರೆ ಒಪ್ಪಬೇಡಿ.

ಅಕ್ಕ-ಭಾವ ಒಳರಸ್ತೆಯನ್ನೇ ಆರಿಸಿದ್ರು. ಏಳು ತಿಂಗಳಾಯ್ತು. ಮೊದಲ ಎರಡು ತಿಂಗಳು ದಿನಕ್ಕೆ 65-70 ಬಿಲ್ಲು. ತೆಗೆದಿಟ್ಟ ದುಡ್ಡಲ್ಲಿ ಮನೆ ನಡೀತು. ಈಗ 110ರ ಆಸುಪಾಸು. ಇದೇ 110 ಮುಖ್ಯರಸ್ತೆಯಲ್ಲಿ ಆಗಿದ್ರೂ ತಿಂಗಳ ಕೊನೆಗೆ ಮನೆ ಖರ್ಚಿಗೆ ಕೊರತೆ ಬೀಳ್ತಿತ್ತು.

ನಿಮ್ಮ ಊರು ಹೈದರಾಬಾದ್ ಇರಲಿ, ಚೆನ್ನೈ ಇರಲಿ, ಬಾಡಿಗೆ ಬೇರೆ ಇರುತ್ತೆ, ಲೆಕ್ಕ ಇದೇ. ಒಂದು ನೋಟ್‌ಬುಕ್ಕು, ಮೂರು ಸಂಜೆ. 9 ಲಕ್ಷದ ಮುಂದೆ ಇದೇನು ದೊಡ್ಡ ಖರ್ಚಲ್ಲ.