ಸಣ್ಣ ಕಾರ್ಖಾನೆಯಲ್ಲಿ ದೂರವಾಣಿ ಮತ್ತು ಸರ್ವರ್ ನಿರ್ವಹಣೆ



ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿ, ಈ ಕಡೆಗಳಲ್ಲಿ ನೀವು ಓಡಾಡಿದ್ದರೆ ಸಾಲಾಗಿ ನಿಂತ ಸಣ್ಣ ಸಣ್ಣ ಷೆಡ್ಡುಗಳನ್ನು ನೋಡಿರುತ್ತೀರಿ. ಒಳಗೆ ನಾಲ್ಕಾರು ಲೇತುಗಳು, ಒಂದೆರಡು ಸಿಎನ್‌ಸಿ ಯಂತ್ರಗಳು, ಮೂವತ್ತು ನಲವತ್ತು ಮಂದಿ ಕೆಲಸಗಾರರು. ಕಾರ್ಖಾನೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಈ ಯಂತ್ರಗಳೇ. ಆದರೆ ಅದೇ ಷೆಡ್ಡಿನ ಮೂಲೆಯಲ್ಲಿ, ಬಹುಶಃ ಉಗ್ರಾಣದ ಪಕ್ಕದಲ್ಲಿ, ಇನ್ನೂ ಎರಡು ಯಂತ್ರಗಳು ಸದ್ದಿಲ್ಲದೆ ದುಡಿಯುತ್ತಿರುತ್ತವೆ. ಒಂದು ದೂರವಾಣಿ ವ್ಯವಸ್ಥೆ, ಇನ್ನೊಂದು ಸರ್ವರ್. ಇವು ಸರಿಯಾಗಿರುವವರೆಗೆ ಯಾರೂ ಇವುಗಳ ಕಡೆ ತಿರುಗಿ ನೋಡುವುದಿಲ್ಲ. ಕೆಟ್ಟ ದಿನ ಮಾತ್ರ ಇಡೀ ಕಾರ್ಖಾನೆ ಅವುಗಳ ಸುತ್ತ ನೆರೆಯುತ್ತದೆ. ಇಂಥ ಕಾರ್ಖಾನೆಗಳಲ್ಲಿ ಈ ಎರಡನ್ನೂ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಕಲಿತ ಕೆಲವು ಪಾಠಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ದೂರವಾಣಿ. 1891ರಲ್ಲಿ ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬಾತ ಆಪರೇಟರ್ ಇಲ್ಲದೆಯೇ ಕರೆಯನ್ನು ಜೋಡಿಸುವ ಸ್ವಯಂಚಾಲಿತ ಸ್ವಿಚ್ಚಿಗೆ ಪೇಟೆಂಟ್ ಪಡೆದ. ಆತ ಎಂಜಿನಿಯರ್ ಅಲ್ಲ, ಶವಸಂಸ್ಕಾರದ ವ್ಯವಸ್ಥೆ ಮಾಡುವುದು ಅವನ ವೃತ್ತಿ. ನಮ್ಮ ದೇಶದಲ್ಲಿ ದೂರವಾಣಿ ಉಪಕರಣಗಳ ತಯಾರಿಕೆಗಾಗಿ 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಕಾರ್ಖಾನೆ ಸ್ಥಾಪನೆಯಾಯಿತು. ಇಂದಿಗೂ ಆ ಬಡಾವಣೆಯ ಹೆಸರು ದೂರವಾಣಿನಗರ.

ಇನ್ನೊಂದು ಸಂಗತಿ ನಿಮಗೆ ಗೊತ್ತಿರಬೇಕು. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ 128 ಪೋರ್ಟುಗಳ ಒಂದು ಚಿಕ್ಕ ವಿದ್ಯುನ್ಮಾನ ಎಕ್ಸ್‌ಚೇಂಜನ್ನು ರೂಪಿಸಿತು. ಅದರ ಮೊದಲ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ನಮ್ಮ ಕಿತ್ತೂರಿನಲ್ಲಿ ಕೆಲಸ ಶುರುಮಾಡಿತು. ಅದಕ್ಕೆ ಹವಾನಿಯಂತ್ರಣ ಬೇಕಿರಲಿಲ್ಲ. ನಮ್ಮ ಸೆಕೆ, ನಮ್ಮ ಧೂಳು, ನಮ್ಮ ವಿದ್ಯುತ್ತಿನ ಏರಿಳಿತ ಇವನ್ನೆಲ್ಲ ಗಮನದಲ್ಲಿಟ್ಟುಕೊಂಡೇ ಅದನ್ನು ಕಟ್ಟಿದ್ದರು. ಯಂತ್ರ ಎಲ್ಲಿ ಕೆಲಸ ಮಾಡಬೇಕೋ ಆ ಜಾಗವನ್ನು ಮೊದಲು ಅರಿಯಬೇಕು ಎಂಬ ಈ ಪಾಠ ಸಣ್ಣ ಕಾರ್ಖಾನೆಗೂ ಅಷ್ಟೇ ಸಲ್ಲುತ್ತದೆ.

ಕಾರ್ಖಾನೆಯಲ್ಲಿ ಹೊರಗಿನ ಲೈನುಗಳು ಎರಡೋ ಮೂರೋ ಇರುತ್ತವೆ. ಒಳಗೆ ಕಚೇರಿ, ಉಗ್ರಾಣ, ತಪಾಸಣೆ ವಿಭಾಗ, ಗೇಟು ಹೀಗೆ ಹತ್ತಿಪ್ಪತ್ತು ಕಡೆ ಫೋನು ಬೇಕು. ಇವುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಯೇ ಇಪಿಎಬಿಎಕ್ಸ್. ಹಳೆಯ ಕ್ರಮದಲ್ಲಿ ಪ್ರತಿ ಫೋನಿಗೂ ಒಂದು ಜೊತೆ ತಾಮ್ರದ ತಂತಿ ಹೋಗುತ್ತಿತ್ತು. ಈಗ ಬಹಳ ಕಡೆ ಗಣಕಯಂತ್ರದ ಜಾಲದ ಮೇಲೆಯೇ ನಡೆಯುವ ಐಪಿ ಫೋನುಗಳು ಬಂದಿವೆ.

ಐಪಿ ಫೋನಿನಲ್ಲಿ ನಿಮ್ಮ ಮಾತು ಏನಾಗುತ್ತದೆ? ಸೆಕೆಂಡಿಗೆ 8000 ಬಾರಿ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನೂ 8 ಬಿಟ್ಟುಗಳಲ್ಲಿ ಬರೆಯುತ್ತಾರೆ. ಗುಣಿಸಿ ನೋಡಿ, ಸೆಕೆಂಡಿಗೆ 64,000 ಬಿಟ್ಟುಗಳು. ಇದನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಒಂದೊಂದರ ಮೇಲೂ ವಿಳಾಸ ಬರೆದು ಕಳಿಸುತ್ತಾರೆ. ತುಣುಕಿನಲ್ಲಿ ಧ್ವನಿಯ ಪಾಲು 160 ಬೈಟು, ವಿಳಾಸ ಇತ್ಯಾದಿಗಳ ಪಾಲು 40 ಬೈಟು. ಸೆಕೆಂಡಿಗೆ ಇಂಥ 50 ತುಣುಕುಗಳೆಂದರೆ ಸುಮಾರು 80 ಕಿಲೋಬಿಟ್ಟು. ಹತ್ತು ಜನ ಒಟ್ಟಿಗೆ ಮಾತಾಡಿದರೂ ಒಂದೊಂದು ದಿಕ್ಕಿನಲ್ಲಿ 800 ಕಿಲೋಬಿಟ್ಟು ಮಾತ್ರ. ಇಂದಿನ ಜಾಲಕ್ಕೆ ಇದು ಲೆಕ್ಕಕ್ಕೇ ಇಲ್ಲ.

ಹಾಗಾದರೆ ಮಾತು ತುಂಡು ತುಂಡಾಗಿ ಕೇಳುವುದೇಕೆ? ಇಲ್ಲಿ ಮುಖ್ಯವಾದದ್ದು ಎಷ್ಟು ಎಂಬುದಲ್ಲ, ಯಾವಾಗ ಎಂಬುದು. ಒಂದು ನಕ್ಷೆ ಎರಡು ಸೆಕೆಂಡು ತಡವಾಗಿ ಬಂದರೆ ಯಾರಿಗೂ ತೊಂದರೆಯಿಲ್ಲ. ಮಾತು 150 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾದರೆ ಸಂಭಾಷಣೆ ಎಡವತೊಡಗುತ್ತದೆ. ಮಧ್ಯಾಹ್ನ ಯಾರೋ ದೊಡ್ಡ ಕಡತವೊಂದನ್ನು ಹೊರಗೆ ಕಳಿಸುತ್ತಿದ್ದಾಗ ಮಾತಿನ ತುಣುಕುಗಳು ಅದರ ಹಿಂದೆ ಸಾಲು ನಿಲ್ಲುತ್ತವೆ. ಆಂಬುಲೆನ್ಸಿಗೆ ನಾವು ದಾರಿ ಬಿಡುವ ಹಾಗೆ, ಧ್ವನಿಗೆ ಮೊದಲ ದಾರಿ ಕೊಡುವಂತೆ ಜಾಲದ ಸ್ವಿಚ್ಚಿಗೂ ರೂಟರಿಗೂ ತಿಳಿಸಿಡಬೇಕು. ಇದಕ್ಕೆ ಹೊಸ ಉಪಕರಣ ಬೇಕಾಗುವುದು ಅಪರೂಪ. ಅರ್ಧ ದಿನದ ಕೆಲಸ ಸಾಕು.

ಇನ್ನು ವಿದ್ಯುತ್ತಿನ ವಿಷಯಕ್ಕೆ ಬರೋಣ. ಇಲ್ಲಿ ನನಗೊಂದು ಅನುಭವವಿದೆ.

ಹಳೆಯ ತಂತಿ ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ, 48 ವೋಲ್ಟಿನ ಬ್ಯಾಟರಿಯಿಂದ, ಅದೇ ತಂತಿಯಲ್ಲಿ ಬರುತ್ತದೆ. ಊರಿಗೆಲ್ಲ ಕರೆಂಟು ಹೋದರೂ ಆ ಫೋನು ಮಾತಾಡುತ್ತದೆ. ಐಪಿ ಫೋನು ಹಾಗಲ್ಲ. ಅದಕ್ಕೆ ವಿದ್ಯುತ್ತು ಬರುವುದು ಸಾಮಾನ್ಯವಾಗಿ ಜಾಲದ ಸ್ವಿಚ್ಚಿನಿಂದ. ನಾನಿದ್ದ ಒಂದು ಕಾರ್ಖಾನೆಯಲ್ಲಿ ಫೋನುಗಳನ್ನೆಲ್ಲ ಐಪಿಗೆ ಬದಲಾಯಿಸಿದೆವು. ಯುಪಿಎಸ್ಸಿಗೆ ಸರ್ವರನ್ನೂ ಲೆಕ್ಕಪತ್ರದ ಗಣಕಯಂತ್ರವನ್ನೂ ಜೋಡಿಸಿದೆ. ಸ್ವಿಚ್ಚನ್ನು ಮರೆತೆ. ಏಪ್ರಿಲ್ ತಿಂಗಳ ಒಂದು ಸಂಜೆ ಗುಡುಗು ಮಳೆಗೆ ಕರೆಂಟು ಹೋಯಿತು. ಕತ್ತಲಲ್ಲಿ ಎರಕದ ಭಾಗವೊಂದನ್ನು ಎತ್ತಿಕೊಂಡು ಹೋಗುತ್ತಿದ್ದ ಕೆಲಸಗಾರ ಎಣ್ಣೆಯ ಮೇಲೆ ಕಾಲಿಟ್ಟು ಜಾರಿದ. ಕೈ ಜಜ್ಜಿಹೋಯಿತು. ಪಾಳಿಯಲ್ಲಿದ್ದವರ ಮೊಬೈಲುಗಳು ನಿಯಮದಂತೆ ಲಾಕರಿನಲ್ಲಿದ್ದವು. ಷೆಡ್ಡಿನ ಫೋನು ಎತ್ತಿದರೆ ಸದ್ದೇ ಇಲ್ಲ. ಕೊನೆಗೆ ಒಬ್ಬ ಹುಡುಗ ಮಳೆಯಲ್ಲಿ ಗೇಟಿಗೆ ಓಡಿ, ಕಾವಲುಗಾರರ ಕೋಣೆಯಲ್ಲಿ ಉಳಿದಿದ್ದ ಹಳೆಯ ತಂತಿ ಫೋನಿನಿಂದ 108ಕ್ಕೆ ಕರೆ ಮಾಡಿದ. ಆ ಕೆಲಸಗಾರನ ಕೈ ಉಳಿಯಿತು. ಆದರೆ ಕಳೆದುಹೋದ ಆ ನಿಮಿಷಗಳ ಹೊಣೆ ನನ್ನದೇ ಎಂಬುದನ್ನು ನಾನು ಮರೆತಿಲ್ಲ.

ಆ ಮೇಲೆ ಮೂರು ಕ್ರಮ ತೆಗೆದುಕೊಂಡೆವು. ಸ್ವಿಚ್ಚು ಯುಪಿಎಸ್ಸಿಗೆ ಬಂತು. ಹೊರಗಿನ ಕರೆಗೆ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮ ನಮ್ಮಲ್ಲಿತ್ತು. ಗಾಬರಿಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ. ಆದ್ದರಿಂದ 108 ಮತ್ತು 112 ಎರಡೂ ಸೊನ್ನೆಯಿಲ್ಲದೆ ನೇರವಾಗಿ ಹೋಗುವಂತೆ ಮಾಡಿದೆವು. ಮೂರನೆಯದಾಗಿ, ಕಾರ್ಖಾನೆಯ ಪೂರ್ತಿ ವಿಳಾಸವನ್ನೂ ಹತ್ತಿರದ ಗುರುತನ್ನೂ ಪ್ರತಿ ಫೋನಿನ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಅಂಟಿಸಿದೆವು. ನೋವಿನಲ್ಲಿರುವವನ ಪಕ್ಕ ನಿಂತು ಫೋನು ಮಾಡುವವನಿಗೆ ಎಷ್ಟೋ ಸಲ ತಾನು ದಿನಾ ಬರುವ ಬೀದಿಯ ಹೆಸರೂ ಹೊಳೆಯುವುದಿಲ್ಲ.

ಯುಪಿಎಸ್ ಎಷ್ಟು ಹೊತ್ತು ಬರುತ್ತದೆ? ಲೆಕ್ಕ ಹಾಕಿ. 12 ವೋಲ್ಟು, 7 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳಲ್ಲಿ 168 ವ್ಯಾಟ್-ಗಂಟೆಯ ಶಕ್ತಿ ಇದೆ. ಸರ್ವರ್ ಮತ್ತು ಸ್ವಿಚ್ಚು ಸೇರಿ 300 ವ್ಯಾಟು ಎಳೆದರೆ, ಕಾಗದದ ಮೇಲೆ ಅರ್ಧ ಗಂಟೆಗಿಂತ ತುಸು ಹೆಚ್ಚು. ಆದರೆ ಸೀಸದ ಬ್ಯಾಟರಿಯಿಂದ ವೇಗವಾಗಿ ಶಕ್ತಿ ಎಳೆದಷ್ಟೂ ಅದು ಕೊಡುವುದು ಕಡಿಮೆ. ಪರಿವರ್ತನೆಯಲ್ಲೂ ಒಂದಿಷ್ಟು ನಷ್ಟವಿದೆ. ಬ್ಯಾಟರಿಗೆ ಮೂರು ವರ್ಷ ದಾಟಿದ್ದರೆ ಇನ್ನೂ ಕಡಿಮೆ. ಕೈಗೆ ಸಿಗುವುದು ಕಾಲು ಗಂಟೆ ಎಂದುಕೊಂಡರೆ ಕ್ಷೇಮ. ಆದ್ದರಿಂದ ಸಣ್ಣ ಯುಪಿಎಸ್ ಇರುವುದು ಕೆಲಸ ಮುಂದುವರಿಸಲಿಕ್ಕಲ್ಲ, ಜನರೇಟರ್ ಶುರುವಾಗುವ ತನಕ ಕಾಯಲಿಕ್ಕೆ, ಇಲ್ಲವೇ ಸರ್ವರನ್ನು ಕ್ರಮವಾಗಿ ನಿಲ್ಲಿಸಲಿಕ್ಕೆ.

ತಂತಿಗಳನ್ನು ಎಳೆಯುವುದರಲ್ಲೂ ಎಚ್ಚರ ಬೇಕು. 415 ವೋಲ್ಟಿನ ಮೋಟಾರು ಕೇಬಲ್ಲಿನ ಜೊತೆಗೇ ಫೋನಿನ ತಂತಿ ಓಡಿಸಿದರೆ ಕಿವಿಯಲ್ಲಿ ಗುಂಯ್‌ಗುಟ್ಟುವ ಸದ್ದು ಖಂಡಿತ. ಜಾಲದ ತಾಮ್ರದ ಕೇಬಲ್ಲಿಗೆ 100 ಮೀಟರಿನ ಮಿತಿಯಿದೆ. ಒಂದು ಷೆಡ್ಡಿನಿಂದ ಇನ್ನೊಂದಕ್ಕೆ ಬಯಲಿನಲ್ಲಿ ಹೋಗುವುದಾದರೆ ಗಾಜಿನ ಎಳೆಯ ಕೇಬಲ್ಲೇ ವಾಸಿ. ಸಿಡಿಲಿನ ವಿದ್ಯುತ್ತು ಗಾಜಿನ ಎಳೆಯಲ್ಲಿ ಹರಿಯಲಾರದು. ಇದ್ದಿಲು ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಗೆಯಲ್ಲಿ ನೀರು ಹೊಯ್ಯುವುದನ್ನು ಮರೆಯಬಾರದು. ಒಣಗಿದ ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ.

ಈಗ ಸರ್ವರ್. ಬೇರೆ ಗಣಕಯಂತ್ರಗಳು ಕೇಳಿದ್ದನ್ನು ಒದಗಿಸುವ ಗಣಕಯಂತ್ರವೇ ಸರ್ವರ್. ಕಾರ್ಖಾನೆಯ ನಕ್ಷೆಗಳು, ಸಿಎನ್‌ಸಿ ಯಂತ್ರಗಳ ಪ್ರೋಗ್ರಾಮುಗಳು, ಖರೀದಿ ಆದೇಶಗಳು, ತಪಾಸಣೆಯ ವರದಿಗಳು, ಜಿಎಸ್‌ಟಿ ಬಿಲ್ಲುಗಳು, ಸಂಬಳದ ಪಟ್ಟಿ ಎಲ್ಲ ಅದರಲ್ಲಿರುತ್ತವೆ. ಎಲ್ಲವೂ ಒಂದೇ ಕಡೆ ಏಕಿರಬೇಕು? ಗಿರಾಕಿ ಒಂದು ರಂಧ್ರದ ಅಳತೆಯನ್ನು ಬದಲಿಸಿ ಹೊಸ ನಕ್ಷೆ ಕಳಿಸುತ್ತಾನೆ ಎನ್ನಿ. ಹಳೆಯ ನಕ್ಷೆ ಒಬ್ಬರ ಪೆನ್ ಡ್ರೈವಿನಲ್ಲಿ ಉಳಿದುಕೊಂಡಿದ್ದರೆ, ಆ ರಾತ್ರಿಯ ಪಾಳಿಯಲ್ಲಿ ಕಡೆದ ಭಾಗಗಳೆಲ್ಲ ಬೆಳಿಗ್ಗೆ ಗುಜರಿಯ ರಾಶಿಗೆ ಬೀಳುತ್ತವೆ.

ಸರ್ವರಿಗೆ ಶತ್ರುಗಳು ಬಿಸಿ ಮತ್ತು ಧೂಳು. ಅದರಲ್ಲೂ ಗ್ರೈಂಡಿಂಗ್‌ನಿಂದ ಏಳುವ ಕಬ್ಬಿಣದ ಧೂಳು ವಿದ್ಯುತ್ತನ್ನು ಹರಿಸುತ್ತದೆ. ಅದು ಒಳಗಿನ ಬಿಲ್ಲೆಗಳ ಮೇಲೆ ಕೂತರೆ ಕೇಡು. ಬಾಗಿಲಿರುವ ಪ್ರತ್ಯೇಕ ಕೋಣೆ, 18ರಿಂದ 27 ಡಿಗ್ರಿ ಉಷ್ಣತೆ, ತಿಂಗಳಿಗೊಮ್ಮೆ ಶುಚಿ ಮಾಡುವ ಅಭ್ಯಾಸ, ಇಷ್ಟಿದ್ದರೆ ಸರ್ವರಿನ ಆಯುಷ್ಯ ಹೆಚ್ಚುತ್ತದೆ.

ಆದರೂ ಡಿಸ್ಕು ಒಂದಲ್ಲ ಒಂದು ದಿನ ಕೆಡುತ್ತದೆ. ಅದಕ್ಕಾಗಿ ಎರಡು ಡಿಸ್ಕುಗಳಲ್ಲಿ ಒಂದೇ ಮಾಹಿತಿಯನ್ನು ಬರೆಯುವ ಏರ್ಪಾಡಿದೆ, ಅದನ್ನು ಮಿರರಿಂಗ್ ಎನ್ನುತ್ತಾರೆ. ಇದ್ದರೆ ಒಳ್ಳೆಯದು. ಆದರೆ ಇದನ್ನೇ ಬ್ಯಾಕಪ್ ಎಂದು ತಿಳಿಯಬೇಡಿ. ಮುಖಕ್ಕೆ ಮಸಿ ಹತ್ತಿದರೆ ಕನ್ನಡಿಯಲ್ಲಿರುವ ಮುಖಕ್ಕೂ ಹತ್ತುತ್ತದೆ. ಒಂದು ಕಡತವನ್ನು ನೀವು ತಪ್ಪಾಗಿ ಅಳಿಸಿದರೆ ಎರಡೂ ಡಿಸ್ಕುಗಳಿಂದ ಅದು ಅದೇ ಗಳಿಗೆಯಲ್ಲಿ ಹೋಗುತ್ತದೆ.

ನಮ್ಮಲ್ಲಿ ಪ್ರತಿ ರಾತ್ರಿ ಬ್ಯಾಕಪ್ ನಡೆಯುತ್ತಿತ್ತು. ಬೆಳಿಗ್ಗೆ ಬಂದು ಹಸಿರು ದೀಪ ನೋಡಿ ನಾನು ನೆಮ್ಮದಿಯಾಗಿರುತ್ತಿದ್ದೆ. ಒಂದು ಸೋಮವಾರ ಸರ್ವರ್ ಏಳಲಿಲ್ಲ. ಬ್ಯಾಕಪ್ ತೆರೆದು ನೋಡಿದರೆ ನಾಲ್ಕು ತಿಂಗಳ ನಕ್ಷೆಗಳೇ ಇಲ್ಲ! ನಾಲ್ಕು ತಿಂಗಳ ಹಿಂದೆ ಯಾರೋ ನಕ್ಷೆಗಳ ಕಡತಕೋಶವನ್ನು ಹೊಸ ಹೆಸರಿನಲ್ಲಿ ಮಾಡಿಕೊಂಡಿದ್ದರು. ನಮ್ಮ ವ್ಯವಸ್ಥೆ ಮಾತ್ರ ಹಳೆಯ ಹೆಸರಿನ ಕೋಶವನ್ನೇ ಪ್ರತಿ ರಾತ್ರಿ ನಿಷ್ಠೆಯಿಂದ ನಕಲು ಮಾಡುತ್ತಿತ್ತು. ಗಿರಾಕಿಗಳಿಂದ ಕೆಲವು ನಕ್ಷೆಗಳನ್ನು ಮತ್ತೆ ತರಿಸಿದೆವು. ನಮ್ಮ ಹಿರಿಯ ಟರ್ನರ್ ಒಬ್ಬರು ತಾವು ಮಾಡಿದ ಪ್ರತಿ ಕೆಲಸದ ಅಳತೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳುತ್ತಿದ್ದರು. ಎಣ್ಣೆ ಹತ್ತಿದ ಆ ಪುಸ್ತಕ ಆ ವಾರ ನಮ್ಮನ್ನು ಕಾಪಾಡಿತು. “ದೀಪ ಹಸಿರಾಗಿತ್ತು ಸಾರ್, ಒಳಗೇನಿತ್ತು ಅಂತ ನೋಡಬೇಕಿತ್ತು” ಎಂದರು ಅವರು. ನನ್ನ ಬಳಿ ಉತ್ತರವಿರಲಿಲ್ಲ.

ಅಂದಿನಿಂದ ನಾನು ಪಾಲಿಸುವ ಸೂತ್ರ ಸರಳವಾದದ್ದು. ಮಾಹಿತಿಯ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಕಾರ್ಖಾನೆಯ ಹೊರಗಿರಲಿ. ಬೆಂಕಿ ಬಿದ್ದರೆ, ಕಳ್ಳತನವಾದರೆ ಉಳಿಯುವುದು ಹೊರಗಿನದು ಮಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ತಿಂಗಳಿಗೊಮ್ಮೆ ಯಾವುದಾದರೂ ಒಂದು ಕಡತವನ್ನು ಬ್ಯಾಕಪ್ಪಿನಿಂದ ಹಿಂದಕ್ಕೆ ತಂದು ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಪ್ರಪಂಚದಾದ್ಯಂತ ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಕಾರ್ಖಾನೆಗಳಲ್ಲಿ ಒಂದು ಕಷ್ಟವಿದೆ. ಲಕ್ಷಾಂತರ ರೂಪಾಯಿಯ ಯಂತ್ರದೊಳಗೆ ಹಳೆಯ ವಿಂಡೋಸ್ ಇರುತ್ತದೆ. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿಯಲ್ಲೇ ನಿಂತಿತು. ಹಾಗೆಂದು ಯಂತ್ರವನ್ನು ಎಸೆಯಲಾಗದು. ಅಂಥ ಯಂತ್ರಗಳನ್ನು ಅಂತರ್ಜಾಲಕ್ಕೆ ತಾಗದ ಬೇರೆ ಜಾಲದಲ್ಲಿಡಬೇಕು. ಬ್ಯಾಕಪ್ಪಿನ ಒಂದು ಪ್ರತಿಯನ್ನು ಕೆಲಸ ಮುಗಿದೊಡನೆ ತಂತಿ ಬಿಚ್ಚಿ ತೆಗೆದಿಡಬೇಕು. ಜೋಡಿಸದ ಡಿಸ್ಕಿಗೆ ಯಾರೂ ದೂರದಿಂದ ಬೀಗ ಹಾಕಲಾರರು.

ಕೊನೆಯದಾಗಿ ಒಂದು ಪುಸ್ತಕದ ಮಾತು. ಯಾವ ತಂತಿ ಎಲ್ಲಿಗೆ ಹೋಗಿದೆ, ಬ್ಯಾಟರಿ ಯಾವಾಗ ಬದಲಾಯಿಸಿದ್ದು, ಕೆಟ್ಟರೆ ಯಾರಿಗೆ ಕರೆ ಮಾಡಬೇಕು, ಸರ್ವರನ್ನು ನಿಲ್ಲಿಸುವ ಮತ್ತು ಏಳಿಸುವ ಕ್ರಮವೇನು, ಇವೆಲ್ಲ ಒಂದು ಪುಸ್ತಕದಲ್ಲಿರಬೇಕು. ಪಾಸ್‌ವರ್ಡುಗಳು ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕರ ಬೀರುವಿನಲ್ಲಿರಬೇಕು. ಸಣ್ಣ ಕಾರ್ಖಾನೆಯಲ್ಲಿ ಇದೆಲ್ಲ ಬಲ್ಲವನು ಒಬ್ಬನೇ ಇರುತ್ತಾನೆ. ಅವನಿಗೆ ಜ್ವರ ಬಂದ ದಿನ ನಲವತ್ತು ಜನರ ಕೆಲಸ ನಿಲ್ಲಬಾರದು.

ಮಿತ್ರರೇ, ನಿಮ್ಮಲ್ಲಿ ಹಲವರು ಮುಂದೆ ಇಂಥ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವಿರಿ, ಕೆಲವರು ನೀವೇ ಕಾರ್ಖಾನೆ ತೆರೆಯುವಿರಿ. ಅಲ್ಲಿಯ ತನಕ ಕಾಯಬೇಕಾಗಿಲ್ಲ. ನಿಮ್ಮ ಶಾಲೆಯ, ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ ಈ ವಾರವೇ ಅಧ್ಯಾಪಕರ ಅನುಮತಿ ಪಡೆದು ಎರಡು ಪ್ರಶ್ನೆ ಕೇಳಿ. ಈಗ ಕರೆಂಟು ಹೋದರೆ ಇಲ್ಲಿನ ಯಾವ ಫೋನು ಮಾತಾಡುತ್ತದೆ? ಈ ಡಿಸ್ಕು ಕೆಟ್ಟರೆ ನಿನ್ನೆಯ ಕೆಲಸವನ್ನು ಎಲ್ಲಿಂದ ತರುತ್ತೇವೆ? ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ, ಮಾಡಿ ನೋಡಿ. ನಾನು ಎರಡು ಅನಾಹುತಗಳ ನಂತರ ಕಲಿತದ್ದನ್ನು ನೀವು ಒಂದೂ ಆಗದಂತೆ ಕಲಿಯುವುದಾದರೆ ಈ ಮಾತು ಸಾರ್ಥಕ.