ಬ್ಯಾಟರಿ ಡೌನ್ ಆದಾಗ ಕೊನೆಯ ಕ್ಲಿಪ್ ಎಲ್ಲಿ ಹಾಕ್ಬೇಕು?

ಕೀ ತಿರುಗಿಸಿದ್ರೆ ಟಿಕ್ ಟಿಕ್ ಅಂತ ಸದ್ದು ಬರುತ್ತೆ, ಸೆಲ್ಫ್ ತಗೊಳ್ತಿಲ್ಲ. ಹಬ್ಬಕ್ಕೆ ಊರಿಗೆ ಹೋಗಿ ಬಂದು, ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ್ದ ಕಾರಿನ ಬಾಗಿಲು ತೆಗೆದವರಿಗೆ ಇದು ಚೆನ್ನಾಗಿ ಗೊತ್ತು. ಆಗ ನೆನಪಾಗೋದು ಎರಡು ಸಾಧನ, ಚಾರ್ಜರ್ ಮತ್ತು ಜಂಪ್ ಸ್ಟಾರ್ಟರ್. ಯಾವ ಕ್ಲಿಪ್ ಮೊದಲು, ಯಾವುದು ಆಮೇಲೆ ಅನ್ನೋದನ್ನ ಬಾಯಿಪಾಠ ಮಾಡಿದ್ರೆ ಗಾಬರಿಯಲ್ಲಿ ಮರೆತುಹೋಗುತ್ತೆ. ಕಾರಣ ಗೊತ್ತಿದ್ರೆ ಮರೆಯಲ್ಲ. ಹಾಗಾಗಿ ಇವತ್ತು ಕಾರಣದಿಂದಲೇ ಶುರು ಮಾಡೋಣ.

ಹನ್ನೆರಡು ವೋಲ್ಟಿನ ಬ್ಯಾಟರಿ ಮುಟ್ಟಿದ್ರೆ ಶಾಕ್ ಹೊಡೆಯಲ್ಲ. ಆ ಧೈರ್ಯದಲ್ಲೇ ಎಲ್ಲರೂ ಕೈ ಹಾಕ್ತಾರೆ. ನಿಜವಾದ ಅಪಾಯ ಇರೋದು ಗ್ಯಾಸಿನಲ್ಲಿ. ನಮ್ಮ ಕಾರುಗಳಲ್ಲಿ ಹೆಚ್ಚಾಗಿ ಇರೋದು ಲೆಡ್ ಆಸಿಡ್ ಬ್ಯಾಟರಿ. ಚಾರ್ಜ್ ಆಗೋವಾಗ, ಅದರಲ್ಲೂ ಪೂರ್ತಿ ತುಂಬುತ್ತಾ ಬಂದಾಗ, ಒಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಹೊರಗೆ ಬರುತ್ತೆ. ಹೈಡ್ರೋಜನ್ನಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿಯಲ್ಲಿ ಶೇಕಡ 4ರಷ್ಟು ಸೇರಿದ್ರೆ ಸಾಕು, ಒಂದು ಸಣ್ಣ ಕಿಡಿಗೆ ಹೊತ್ಕೊಳ್ಳುತ್ತೆ. ಬ್ಯಾಟರಿ ಸಿಡಿದ್ರೆ ಪ್ಲಾಸ್ಟಿಕ್ ಚೂರಿನ ಜೊತೆ ಗಂಧಕಾಮ್ಲವೂ ಹಾರುತ್ತೆ, ಅದೂ ಬಗ್ಗಿ ನೋಡ್ತಿರೋರ ಮುಖಕ್ಕೆ. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ ಅಂತ ನಾನು ಪ್ರತಿ ಸಲ ಹೇಳೋದು ಇದಕ್ಕೇ.

ಇನ್ನೊಂದು ಅಪಾಯ ಕೈಯಲ್ಲೇ ಇರುತ್ತೆ: ಉಂಗುರ, ಕಡಗ, ಬಳೆ, ಸ್ಟೀಲ್ ವಾಚು. ಪ್ಲಸ್ ಟರ್ಮಿನಲ್ಲಿಗೂ ಕಾರಿನ ಬಾಡಿಗೂ ಮಧ್ಯೆ ಸ್ಪ್ಯಾನರ್ರೋ ಉಂಗುರವೋ ಸಿಕ್ಕಿಕೊಂಡ್ರೆ ನೂರಾರು ಆಂಪಿಯರ್ ಕರೆಂಟ್ ಅದರಲ್ಲೇ ಹರಿದು, ಕ್ಷಣದಲ್ಲಿ ಕೆಂಪಗೆ ಕಾಯುತ್ತೆ. ದಯವಿಟ್ಟು ಎಲ್ಲ ಬಿಚ್ಚಿಟ್ಟು ಬಾನೆಟ್ ಎತ್ತಿ.

ಈಗ ಚಾರ್ಜರ್. ಇದರ ಕೆಲಸ ನಿಧಾನದ್ದು. ಸಣ್ಣ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್ ಅವರ್ ಇರುತ್ತೆ. ಅದರ ಹತ್ತನೇ ಒಂದು ಭಾಗ, ಅಂದ್ರೆ ಮೂರೂವರೆ ಆಂಪಿಯರ್ ಕೊಟ್ರೆ ಬ್ಯಾಟರಿ ಬಿಸಿಯಾಗದೆ ತುಂಬುತ್ತೆ. ಪೂರ್ತಿ ಇಳಿದಿದ್ರೆ ಹತ್ತು ಹನ್ನೆರಡು ಗಂಟೆ ಬೇಕು, ರಾತ್ರಿಯೆಲ್ಲ ಅನ್ಕೊಳ್ಳಿ. ಮೊದಲು ಕೆಂಪು ಕ್ಲಿಪ್ ಪ್ಲಸ್ಸಿಗೆ, ಆಮೇಲೆ ಕಪ್ಪು ಕ್ಲಿಪ್. ಗೋಡೆಯ ಸ್ವಿಚ್ ಹಾಕೋದು ಎಲ್ಲಕ್ಕಿಂತ ಕೊನೆಗೆ. ಬಿಚ್ಚೋವಾಗ ಸ್ವಿಚ್ ಮೊದಲು ಆಫ್. ಹೀಗೆ ಮಾಡಿದ್ರೆ ಕಿಡಿ ಬರೋ ಜಾಗ ಗೋಡೆ ಹತ್ರ ಹೋಗುತ್ತೆ, ಗ್ಯಾಸ್ ಇರೋ ಬ್ಯಾಟರಿ ಹತ್ರ ಉಳಿಯಲ್ಲ. ಗಾಳಿಯಾಡೋ ಜಾಗ ಇರಲಿ, ಮುಚ್ಚಿದ ಗ್ಯಾರೇಜ್ ಬೇಡ. ಬ್ಯಾಟರಿಗೆ ಮುಚ್ಚಳ ಇದ್ರೆ ನೀರಿನ ಮಟ್ಟ ನೋಡಿ. ಪ್ಲೇಟ್ ಕಾಣ್ತಿದ್ರೆ ಅದು ಮುಳುಗೋವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಉಳಿದಿದ್ದು ಚಾರ್ಜ್ ಆದ್ಮೇಲೆ. ನಲ್ಲಿ ನೀರು ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಬ್ಯಾಟರಿ ಊದಿದ್ರೆ, ಬಿರುಕು ಬಿಟ್ಟಿದ್ರೆ, ಕೊಳೆತ ಮೊಟ್ಟೆ ವಾಸನೆ ಬಂದ್ರೆ ಚಾರ್ಜ್ ಮಾಡೋ ಮಾತೇ ಇಲ್ಲ.

ಕೆಲವು ಚಾರ್ಜರ್‌ಗಳಲ್ಲಿ 12 ಮತ್ತು 24 ವೋಲ್ಟ್ ಎರಡೂ ಇರುತ್ತೆ. 24 ಇರೋದು ಲಾರಿ, ಬಸ್ಸಿಗೆ. ಎಂಜಿನ್ ಸ್ಟಾರ್ಟ್ ಅಂತ ಇನ್ನೊಂದು ಸ್ವಿಚ್ಚೂ ಇರಬಹುದು. ಅದು ಸೆಲ್ಫ್ ಹೊಡೆಯೋ ಕೆಲವು ಸೆಕೆಂಡಿಗೆ ಮಾತ್ರ. ಬೇಗ ಚಾರ್ಜ್ ಆಗಲಿ ಅಂತ ಆ ಸ್ವಿಚ್ಚಲ್ಲೇ ಬಿಟ್ಟು ಹೋದ್ರೆ ಬ್ಯಾಟರಿ ಕುದಿಯುತ್ತೆ.

ಜಂಪ್ ಸ್ಟಾರ್ಟರ್ ಕೆಲಸ ಇದಕ್ಕೆ ಪೂರಾ ಉಲ್ಟಾ. ಅದು ಬ್ಯಾಟರಿ ತುಂಬಲ್ಲ, ನೂರು ಇನ್ನೂರು ಆಂಪಿಯರ್ ಬೇಡೋ ಸ್ಟಾರ್ಟರ್ ಮೋಟಾರಿಗೆ ಆ ಕ್ಷಣಕ್ಕೆ ಶಕ್ತಿ ಕೊಡುತ್ತೆ ಅಷ್ಟೆ. ಸೆಲ್ಫ್ ಮೂರ್ನಾಲ್ಕು ಸೆಕೆಂಡ್ ಹೊಡೀರಿ, ಆಗ್ಲಿಲ್ಲ ಅಂದ್ರೆ ಅರ್ಧ ನಿಮಿಷ ಬಿಡಿ. ಗಾಡಿ ಸ್ಟಾರ್ಟ್ ಆದ ತಕ್ಷಣ ಬಿಚ್ಚಿ. ಬೂಸ್ಟ್ ಬಟನ್ ಬಗ್ಗೆ ಎಚ್ಚರ: ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನ ಒತ್ತಿದ್ರೆ ಕ್ಲಿಪ್ ತಿರುವುಮುರುವು ಆದ್ರೆ ತಡೆಯೋ ರಕ್ಷಣೆ ಕೆಲಸ ಮಾಡಲ್ಲ. ಕೆಂಪು, ಕಪ್ಪು ಸರಿ ಇದೆಯಾ ಅಂತ ಎರಡು ಸಲ ನೋಡದೆ ಒತ್ತಬೇಡಿ. ಸಣ್ಣ ಜಂಪ್ ಸ್ಟಾರ್ಟರ್ ಒಳಗೆ ಇರೋದು ಲಿಥಿಯಂ ಬ್ಯಾಟರಿ. ಏಪ್ರಿಲ್ ತಿಂಗಳ ಕಲಬುರಗಿ, ರಾಯಚೂರು ಬಿಸಿಲಿನಲ್ಲಿ ನಿಂತ ಕಾರೊಳಗೆ ಅದನ್ನ ಬಿಡಬಾರದು. ಮನೆಯಲ್ಲೇ ಇಡಿ, ದೂರ ಹೋಗೋವಾಗ ಮಾತ್ರ ತಗೊಂಡು ಹೋಗಿ.

ಪಕ್ಕದ ಮನೆಯವರ ಕಾರಿಂದ ಕೇಬಲ್ ಹಾಕೋದಾದ್ರೆ ಎರಡೂ ಎಂಜಿನ್ ಆಫ್, ಕಾರುಗಳು ಒಂದಕ್ಕೊಂದು ತಾಗಬಾರದು. ಕೆಂಪು ಕೇಬಲ್ ಮೊದಲು ಡೌನ್ ಆದ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಕೇಬಲ್ ಒಳ್ಳೆ ಬ್ಯಾಟರಿಯ ಮೈನಸ್ಸಿಗೆ. ಉಳಿಯೋದು ಆ ಕೊನೆಯ ಕ್ಲಿಪ್. ಅದನ್ನ ಡೌನ್ ಆದ ಬ್ಯಾಟರಿಗೆ ಹಾಕಬೇಡಿ. ಅದೇ ಕಾರಿನ ಎಂಜಿನ್ನಿನಲ್ಲಿ, ಬ್ಯಾಟರಿಯಿಂದ ದೂರ, ಪೇಂಟ್ ಇಲ್ಲದ ಗಟ್ಟಿ ಲೋಹದ ಜಾಗಕ್ಕೆ ಹಾಕಿ. ಸರ್ಕ್ಯೂಟ್ ಪೂರ್ತಿಯಾಗೋದು ಅಲ್ಲಿ, ಕಿಡಿ ಬಂದ್ರೆ ಬರೋದೂ ಅಲ್ಲೇ. ಎಷ್ಟೋ ಹೊಸ ಕಾರುಗಳಲ್ಲಿ ಮೈನಸ್ ಟರ್ಮಿನಲ್ ಮೇಲೆ ಸೆನ್ಸರ್ ಇರೋದ್ರಿಂದ ಅದಕ್ಕೂ ಇದು ಒಳ್ಳೇದು. ಬಿಚ್ಚೋವಾಗ ಇದೇ ಹಾದಿಯಲ್ಲಿ ಹಿಂದಕ್ಕೆ ಬನ್ನಿ. ಸಹಾಯ ಮಾಡೋ ಕಾರು ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಆಗಿದ್ರೆ, ಅದರ ಮ್ಯಾನುಯಲ್ ಒಪ್ಪದೆ ಕೇಬಲ್ ಹಾಕಬೇಡಿ.

ಗಾಡಿ ಓಡ್ತಿರೋವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿ ‘ಡೈನಮೋ ಸರಿ ಇದೆ’ ಅಂತ ತೋರಿಸೋ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಯಾರಿಗೂ ಅವಕಾಶ ಕೊಡ್ಬೇಡಿ. ಬ್ಯಾಟರಿ ತಪ್ಪಿದ ಕ್ಷಣ ವೋಲ್ಟೇಜ್ ಒಮ್ಮೆಲೇ ಏರಿ ಈಸಿಯು, ಅಂದ್ರೆ ಕಾರಿನ ಕಂಪ್ಯೂಟರ್, ಸುಟ್ಟುಹೋಗಬಹುದು.

ಆಸಿಡ್ ಕಣ್ಣಿಗೆ ಬಿದ್ರೆ ಉಜ್ಜಬೇಡಿ. ಹರಿಯೋ ನೀರಲ್ಲಿ ಕನಿಷ್ಠ ಹದಿನೈದು ನಿಮಿಷ ತೊಳೀರಿ, ನಂತರ ತಡಮಾಡದೆ ಕಣ್ಣಿನ ಡಾಕ್ಟರ್ ಹತ್ರ ಹೋಗಿ.

ಗಾಡಿ ಸ್ಟಾರ್ಟ್ ಆಯ್ತು ಅಂತ ಹತ್ತು ನಿಮಿಷ ಓಡಿಸಿ ನಿಲ್ಲಿಸಿದ್ರೆ ಮತ್ತೆ ಅದೇ ಕಥೆ, ಅಷ್ಟರಲ್ಲಿ ಬ್ಯಾಟರಿ ತುಂಬಲ್ಲ. ಮನೆಗೆ ಬಂದು ಚಾರ್ಜರ್ ಹಾಕಿ. ಚಾರ್ಜ್ ಮುಗಿದ ಮೇಲೆ ಒಂದು ರಾತ್ರಿ ಸುಮ್ಮನೆ ಬಿಟ್ಟು, ಮಲ್ಟಿಮೀಟರಿನಲ್ಲಿ ನೋಡಿ. 12.6 ವೋಲ್ಟ್ ಹತ್ತಿರ ಇದ್ರೆ ಚಾರ್ಜ್ ನಿಂತಿದೆ. 12.2ಕ್ಕೆ ಇಳಿದಿದ್ರೆ ಅರ್ಧ ಖಾಲಿ ಅಂತ ಲೆಕ್ಕ, ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ.